ಡಾಕ್ಟರು ಓದುತ್ತಿದ್ದ ಬೂದುಬಣ್ಣದ ಪುಟ

ನೈರೋಬಿಯ ಲೊರೆಶೋದಲ್ಲಿ ನಾನು ಬಾಡಿಗೆಗಿದ್ದ ಪುಟ್ಟ ಮನೆಗೆ ಬೆಳಕು ಬರುತ್ತಿದ್ದುದೇ ನಿಧಾನವಾಗಿ. ಜುಲೈ ತಿಂಗಳ ಚಳಿಯಲ್ಲಂತೂ ಹೊತ್ತೇರಿದ ಮೇಲೂ ಮೋಡ ಕೆಳಗಿಳಿದು ಮರಗಳ ನಡುವೆ ಕೂತಿರುತ್ತಿತ್ತು. ಕಿಟಕಿಯಿಂದ ನೋಡಿದರೆ ಎದುರಿನ ದೊಡ್ಡ ಮನೆಯ ಹೆಂಚು, ಅವಕಾಡೊ ಮರ, ಮರದಾಚೆಯ ಬೇಲಿ ಎಲ್ಲವೂ ನೀರು ಹೆಚ್ಚಾದ ಬಣ್ಣದಂತೆ ಒಂದರೊಳಗೊಂದು ಹರಿದುಕೊಂಡಿರುತ್ತಿದ್ದವು. ಅಲ್ಲಿ ಕಳೆದ ವರ್ಷಗಳೂ ಈಗ ನನಗೆ ಹಾಗೇ ಕಾಣುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಎಷ್ಟೋ ಸಲ ಹೇಳಲಾರೆ. ಡಾಕ್ಟರ ಮತ್ತು ಪಕ್ಕದ ಮನೆಯವರ ನಡುವೆ ನಡೆದದ್ದು ಮಾತ್ರ ಇನ್ನೂ ಕ್ರಮವಾಗಿ ನೆನಪಿದೆ.

ಬೆಂಗಳೂರಿನ ಕಂಪನಿ ನನ್ನನ್ನು ನೈರೋಬಿಗೆ ಕಳಿಸಿದ್ದು ಒಂದು ಬ್ಯಾಂಕಿನ ಸಾಫ್ಟ್‌ವೇರ್ ಕೆಲಸಕ್ಕೆ. ಆಫೀಸು ರಿವರ್‌ಸೈಡಿನಲ್ಲಿತ್ತು. ನನ್ನದು ಟೆಸ್ಟಿಂಗ್, ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ಬಂದ ಹೊಸದರಲ್ಲಿ ಇಲ್ಲಿನ ಕನ್ನಡದವರು ಸೇರಿ ಯುಗಾದಿ ಊಟ ಇಟ್ಟುಕೊಂಡಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಮೈಸೂರಿನವರು, ನಿವೃತ್ತ ವೈದ್ಯರು. ಯೌವನದಲ್ಲಿ ಇಲ್ಲಿಗೆ ಬಂದು ಇಲ್ಲೇ ಕೂದಲು ನರೆತವರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದರು:

"ಎಲ್ಲಿದೀಯಮ್ಮ?"

"ಕಂಪನಿ ಗೆಸ್ಟ್‌ಹೌಸಲ್ಲಿ ಡಾಕ್ಟ್ರೇ. ಮನೆ ನೋಡ್ತಾ ಇದೀನಿ."

"ನಮ್ಮನೆ ಹಿಂದೆ ಒಂದು ಕಾಟೇಜ್ ಖಾಲಿ ಇದೆ. ಬಂದು ನೋಡು. ಹಿಡಿಸಿದ್ರೆ ಇರು, ಇಲ್ದಿದ್ರೆ ಕಾಫಿ ಕುಡ್ಕೊಂಡು ಹೋಗು."

ಕಾಫಿ ಕುಡಿದೆ, ಅಲ್ಲೇ ಉಳಿದೆ.

ಡಾಕ್ಟರ ಹೆಂಡತಿ ಅದರ ಹಿಂದಿನ ವರ್ಷ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ನಾನು ಅವರನ್ನು ನೋಡಿದವಳಲ್ಲ. ಆದರೆ ಆ ಮನೆಯಲ್ಲಿ ಓಡಾಡುವಾಗ ಅವರು ಈಗಷ್ಟೇ ಒಳಗೆ ಹೋದರೇನೋ ಅನ್ನಿಸುತ್ತಿತ್ತು. ಅಡುಗೆಮನೆಯ ಡಬ್ಬಿಗಳ ಮೇಲೆ ಅವರ ಕೈಬರಹದ ಚೀಟಿಗಳು, ವರಾಂಡದಲ್ಲಿ ಅವರು ಕೂರುತ್ತಿದ್ದ ಬೆತ್ತದ ಕುರ್ಚಿ. ಅವರು ಮಾಡಿಸಿದ ಇನ್ನೊಂದು ಸಂಗತಿಯೂ ಇತ್ತು. ಪಕ್ಕದ ಮನೆಗೂ ಈ ಮನೆಗೂ ನಡುವೆ ಆಳೆತ್ತರದ ಮುಳ್ಳುಗಿಡದ ಬೇಲಿ, ಆ ಬೇಲಿಯಲ್ಲಿ ಒಬ್ಬರು ತೂರಿಕೊಂಡು ಹೋಗುವಷ್ಟು ಒಂದು ಕಂಡಿ. ರಸ್ತೆಗೆ ಹೋಗಿ ಗೇಟು ಸುತ್ತಿಕೊಂಡು ಬರುವುದು ಯಾರಿಗೆ ಬೇಕು ಎಂದು ತೋಟದವನ ಹತ್ತಿರ ಕಡಿಸಿದ್ದರಂತೆ.

ಆ ಕಂಡಿಯಿಂದ ಬರುತ್ತಿದ್ದವರು ಪಕ್ಕದ ಮನೆಯ ಬಿಳಿಯ ಹೆಂಗಸು. ನಿವೃತ್ತಿಯವರೆಗೂ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದರು, ಹಾಗಾಗಿ ಸುತ್ತಮುತ್ತಲಿನವರೆಲ್ಲ ಅವರನ್ನು ಮ್ವಾಲಿಮು, ಅಂದರೆ ಟೀಚರ್, ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆದೆವು. ಡಾಕ್ಟರಿಗಿಂತ ಸ್ವಲ್ಪ ದೊಡ್ಡವರು. ಒಬ್ಬರೇ ಇದ್ದರು, ಕಾಡುಹೂಗಳ ಚಿತ್ರ ಬರೆಯುತ್ತಿದ್ದರು. ಬೆರಳ ತುದಿಯಲ್ಲಿ ಯಾವಾಗಲೂ ಒಂದಿಷ್ಟು ಹಸಿರು ಬಣ್ಣ. ಶನಿವಾರ ಬೆಳಿಗ್ಗೆ ತಲೆ ಬಗ್ಗಿಸಿ ಕಂಡಿಯಿಂದ ಹೊರಬಂದು, ಸೀರೆ ಸರಿಮಾಡಿಕೊಳ್ಳುವವರ ಹಾಗೆ ಸ್ವೆಟರ್ ಎಳೆದುಕೊಂಡು, "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಕೇಳುವ ಮಾತಲ್ಲ ಅದು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಡಾಕ್ಟರ ಹೆಂಡತಿಯಿಂದ ಕಲಿತ ಕನ್ನಡ ಅವರದು. ಡಾಕ್ಟರು ಲೋಟಕ್ಕೆ ಕಾಫಿ ಬಗ್ಗಿಸುವಾಗ ಅಂಗೈ ಅಡ್ಡ ಹಿಡಿದು "ಸಾಕು, ಸಾಕು" ಅನ್ನುವರು. ಉಳಿದದ್ದೆಲ್ಲ ಇಂಗ್ಲಿಷು.

ಎರಡನೇ ಮಹಾಯುದ್ಧಕ್ಕೆ ಮುಂಚೆ ಅವರ ಅಪ್ಪ ಅಮ್ಮ ಜರ್ಮನಿಯಿಂದ ತಪ್ಪಿಸಿಕೊಂಡು ಹಡಗಿನಲ್ಲಿ ಮೊಂಬಾಸಾಕ್ಕೆ ಬಂದವರು. ಯೆಹೂದಿಗಳು. ಅಪ್ಪ ಅಲ್ಲಿ ವಕೀಲರಾಗಿದ್ದರು. ಇಲ್ಲಿ ಯಾರದೋ ಫಾರ್ಮಿನಲ್ಲಿ ಹಸು ನೋಡಿಕೊಳ್ಳುವ ಕೆಲಸ ಸಿಕ್ಕಿತು. "ಹಸು ಯಾವುದು ಎತ್ತು ಯಾವುದು ಅಂತ ಗೊತ್ತಾಗೋಕೆ ಅಪ್ಪನಿಗೆ ಒಂದು ಮಳೆಗಾಲ ಹಿಡಿಯಿತು" ಎಂದು ಮ್ವಾಲಿಮು ನಗುತ್ತಿದ್ದರು. ಅಜ್ಜ ಅಜ್ಜಿಯ ವಿಷಯ ಬಂದರೆ, "ಅವರು ಬರಲಿಲ್ಲ" ಎನ್ನುವರು, ಅಷ್ಟೆ. ನಾವು ಮೂವರೂ ಸುಮ್ಮನೆ ಅವಕಾಡೊ ಮರದ ಕಡೆ ನೋಡುತ್ತಿದ್ದೆವು. ಬಿಸಿಲು ಹುಲ್ಲಿನ ಮೇಲೆ ಸರಿದು ಬಂದು ನಮ್ಮ ಕಾಲು ಮುಟ್ಟುವವರೆಗೂ ಅಲ್ಲಿ ಯಾರಿಗೂ ಅವಸರವಿರುತ್ತಿರಲಿಲ್ಲ.

ಒಂದು ಸೆಪ್ಟೆಂಬರಿನಲ್ಲಿ ವೆಸ್ಟ್‌ಲ್ಯಾಂಡ್ಸಿನ ಮಾಲ್ ಮೇಲೆ ಉಗ್ರರ ದಾಳಿಯಾಯಿತು. ನಾವು ತರಕಾರಿಗೆ, ಸಿನಿಮಾಕ್ಕೆ ಹೋಗುತ್ತಿದ್ದ ಮಾಲ್ ಅದು. ಡಾಕ್ಟರು ನಿವೃತ್ತರಾಗಿದ್ದರೂ ಹಳೆಯ ಆಸ್ಪತ್ರೆಗೆ ಹೋಗಿ ನಿಂತುಬಿಟ್ಟರು. ಅಲ್ಲೇ ಕುರ್ಚಿಯಲ್ಲಿ ಮಲಗಿ, ಅಲ್ಲೇ ಏನೋ ತಿಂದು, ಎಲ್ಲ ಮುಗಿದ ಮೇಲೆ ಮನೆಗೆ ಬಂದರು. ಬಂದವರು ಸ್ನಾನ ಮಾಡಿ ವರಾಂಡದಲ್ಲಿ ಕೂತರು. ನಾನು ಅನ್ನ ಸಾರು ಮಾಡಿಕೊಂಡು ಹೋದೆ. ಮುಟ್ಟಲಿಲ್ಲ.

"ಚಿಕ್ಕ ಮಕ್ಕಳಮ್ಮ" ಎಂದರು. ಆಮೇಲೆ, "ಯಾಕೆ?" ಎಂದರು.

ಮ್ವಾಲಿಮು ಕಂಡಿಯಿಂದ ಬಂದು ಅವರ ಪಕ್ಕದಲ್ಲಿ ಕೂತರು. ಅವತ್ತು ಯಾವ ಭಾಷೆಯಲ್ಲೂ ಏನನ್ನೂ ಕೇಳಲಿಲ್ಲ.

ಆ "ಯಾಕೆ" ಡಾಕ್ಟರನ್ನು ಬಿಡಲಿಲ್ಲ. ಟೀವಿಯವರು ಹೇಳುವುದು ಅವರಿಗೆ ಸಾಲುತ್ತಿರಲಿಲ್ಲ. ಕಾಯಿಲೆಗೆ ಒಂದು ಮೂಲ ಇರಬೇಕು, ಅದು ಸಿಗುವವರೆಗೂ ಹುಡುಕಬೇಕು ಎಂದು ಬದುಕಿಡೀ ಕೆಲಸ ಮಾಡಿದವರು. ಅವರ ಮೆಡಿಕಲ್ ಕಾಲೇಜಿನ ಹಳೆಯ ಗೆಳೆಯರದೊಂದು ವಾಟ್ಸಾಪ್ ಗುಂಪಿತ್ತು. ದಿನಾ ಬೆಳಿಗ್ಗೆ ದೇವರ ಫೋಟೋ, ಮಂಡಿನೋವಿಗೆ ಮದ್ದು ಬರುತ್ತಿದ್ದ ಆ ಗುಂಪಿನಲ್ಲಿ ಯಾರೋ ಒಂದು ಲಿಂಕ್ ಹಾಕಿದರು. ಡಾಕ್ಟರು ಅದನ್ನು ಒತ್ತಿದರು.

ಎಲ್ಲೋ ದೂರದ ದೇಶದಲ್ಲಿ ಕೆಲವರು ನಡೆಸುತ್ತಿದ್ದ ರಾಜಕೀಯದ ವೆಬ್‌ಸೈಟು. ಮೊದಲ ಸಲ ನೋಡಿದಾಗ ನನಗೆ ಹೆದರಿಕೆಯಾಗಲಿಲ್ಲ, ಯಾಕೆಂದರೆ ಅದು ಕಿರುಚುತ್ತಿರಲಿಲ್ಲ. ತಿಳಿ ಬೂದುಬಣ್ಣದ ಪುಟ, ಹಳೆಯ ಪುಸ್ತಕದಂಥ ಅಕ್ಷರ, ಕೆಳಗೆ ಸಾಲುಸಾಲು ಅಡಿಟಿಪ್ಪಣಿ. ಯಾವುದೋ ಹಳೆಯ ಗ್ರಂಥಾಲಯದ ಮೂಲೆಯಲ್ಲಿ ಕೂತು ಓದಿದ ಹಾಗೆ ಅನ್ನಿಸುತ್ತಿತ್ತು. ಅಲ್ಲಿನ ಲೇಖನಗಳು ಎಲ್ಲಿಂದ ಹೊರಟರೂ ಒಂದೇ ಕಡೆ ಬಂದು ನಿಲ್ಲುತ್ತಿದ್ದವು. ಯುದ್ಧವಿರಲಿ, ಬ್ಯಾಂಕಿರಲಿ, ರೋಗವಿರಲಿ, ನಮ್ಮ ಊರಿನ ಆ ಮಾಲೇ ಇರಲಿ, ಎಲ್ಲದರ ಹಿಂದೆ ಯೆಹೂದಿಗಳು. ಸತ್ತವರನ್ನೂ ಕೊಂದವರನ್ನೂ ಬಿಟ್ಟು ಮೂರನೆಯವರ ಮೇಲೆ ಬೆರಳು.

ಮಧ್ಯಾಹ್ನದ ಊಟವಾದ ಮೇಲೆ ಡಾಕ್ಟರು ಹೆಂಡತಿಯ ಬೆತ್ತದ ಕುರ್ಚಿಯಲ್ಲಿ ಟ್ಯಾಬ್ಲೆಟ್ ಹಿಡಿದು ಕೂರತೊಡಗಿದರು. ಮೊದಮೊದಲು ಅವರಿಗೆ ಏನೋ ಹಿಡಿಸಿದೆಯಲ್ಲ ಎಂದು ನನಗೆ ಸಮಾಧಾನವೇ ಆಗಿತ್ತು. ಒಂದು ಭಾನುವಾರ ಕರೆದು ಕೂರಿಸಿಕೊಂಡರು.

"ಪ್ರಪಂಚ ನಡೆಸೋರು ಯಾರು ಅಂತ ನಿಂಗೆ ಗೊತ್ತೇನಮ್ಮ?"

"ನಮ್ಮ ಪ್ರಾಜೆಕ್ಟ್ ಮ್ಯಾನೇಜರು" ಎಂದೆ. ಅವರು ನಗಲಿಲ್ಲ. ಟ್ಯಾಬ್ಲೆಟ್ ನನ್ನ ಕೈಗಿಟ್ಟರು.

ನಾನು ಓದಿದೆ. ಆಮೇಲೆ ಆಫೀಸಿನಲ್ಲಿ ಮಾಡುವುದನ್ನೇ ಮಾಡಿದೆ, ಒಂದೊಂದೇ ಅಡಿಟಿಪ್ಪಣಿ ಒತ್ತುತ್ತ ಹೋದೆ. ಮೊದಲನೆಯದು ಅದೇ ಸೈಟಿನ ಇನ್ನೊಂದು ಲೇಖನಕ್ಕೆ ಹೋಯಿತು, ಅದರ ಟಿಪ್ಪಣಿ ಮತ್ತೊಂದಕ್ಕೆ, ಅದರದು ತಿರುಗಿ ಮೊದಲನೆಯದಕ್ಕೆ.

"ಡಾಕ್ಟ್ರೇ, ಇವರು ಹೇಳಿದ್ದಕ್ಕೆ ಇವರೇ ಸಾಕ್ಷಿ. ಹೊರಗಿನವರು ಒಬ್ಬರೂ ಇಲ್ಲ ನೋಡಿ. ರೋಗೀನೇ ರಿಪೋರ್ಟ್ ಬರ್ಕೊಂಡ್ ಬಂದ್ರೆ ನೀವು ಒಪ್ತಿದ್ರಾ?"

"ನೀನು ಟೆಸ್ಟಿಂಗ್‌ನೋಳು. ನಿಂಗೆ ಎಲ್ಲಾದ್ರಲ್ಲೂ ತಪ್ಪೇ ಕಾಣೋದು."

"ಮತ್ತೆ ಮ್ವಾಲಿಮು?"

"ಆಕೆ ಬೇರೆ. ಆಕೆ ವಿಷ್ಯ ಅಲ್ಲ ಇದು" ಎಂದು ಟ್ಯಾಬ್ಲೆಟ್ ವಾಪಸ್ ತೆಗೆದುಕೊಂಡರು.

ಆ ನಂತರವೂ ಎಷ್ಟೋ ಸಲ ವಾದ ಮಾಡಿದೆ. ನೀರಿಗೆ ಕೈ ಹಾಕಿ ಕಲಕಿದ ಹಾಗಿರುತ್ತಿತ್ತು. ಕೈ ತೆಗೆದರೆ ಮತ್ತೆ ಮೊದಲಿನಂತೆ. ಡಾಕ್ಟರು ಯಾರ ಮೇಲೂ ರೇಗುವವರಲ್ಲ. ಮನೆಗೆಲಸದವಳ ಮಗಳ ಫೀಸು ಕಟ್ಟುತ್ತಿದ್ದವರು, ಬೀದಿನಾಯಿಗೆ ಬ್ಯಾಂಡೇಜು ಸುತ್ತುತ್ತಿದ್ದವರು. ಅದೇ ಮೆಲುದನಿಯಲ್ಲಿ, ಔಷಧಿ ಯಾವಾಗ ತೆಗೆದುಕೊಳ್ಳಬೇಕು ಎಂದು ಹೇಳುವ ಹಾಗೆ, ಆ ಪುಟದ ಮಾತುಗಳನ್ನು ಹೇಳುತ್ತಿದ್ದರು. ಎದುರಿಗಿದ್ದವರು ಅವರೇ ಹೌದೋ ಅಲ್ಲವೋ ಎಂದು ನನಗೆ ಕನಸಿನಲ್ಲಿ ಆಗುವಂಥ ಗೊಂದಲ.

ಅದು ಕಾಫಿಗೂ ಬಂತು. ಒಂದು ಶನಿವಾರ ಮ್ವಾಲಿಮು ಹೊಸದಾಗಿ ಸಿಕ್ಕ ಒಂದು ಆರ್ಕಿಡ್ ಬಗ್ಗೆ ಹೇಳುತ್ತಿದ್ದರು. ಡಾಕ್ಟರು ನಡುವೆ ಬಾಯಿ ಹಾಕಿದರು.

"ಮ್ವಾಲಿಮು, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮ ಜನ ಯಾವ ದೇಶಕ್ಕೆ ಹೋದರೂ ಅಲ್ಲಿನ ಹಣಕಾಸು ಅವರ ಕೈಗೆ ಬರುತ್ತಲ್ಲ, ಅದು ಹೇಗೆ? ಏನಾದರೂ ವ್ಯವಸ್ಥೆ ಇದೆಯಾ?"

ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಕೇಳಿದರು. ಆಗ ಅವರ ಕೈಯಲ್ಲಿ ಕಾಫಿಯ ಪಾತ್ರೆ ಇತ್ತು. ಮ್ವಾಲಿಮು ಅವರ ಮುಖವನ್ನೇ ನೋಡಿದರು. ಇನ್ನೂ ಬಗ್ಗಿಸದ ಕಾಫಿಗೆ ಅಂಗೈ ಅಡ್ಡ ಹಿಡಿದು "ಸಾಕು" ಎಂದರು. ಒಂದೇ ಸಲ. ಎದ್ದು ಹುಲ್ಲಿನ ಮೇಲೆ ನಡೆದು ಕಂಡಿಯೊಳಗೆ ತಲೆ ಬಗ್ಗಿಸಿ ಹೋದರು.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಒಂದು ದಿನ ನಾನು ಆಫೀಸಿನಿಂದ ಬರುವಾಗ ಅವರ ಕಡೆಯ ತೋಟದವನು ಕಂಡಿಯಲ್ಲಿ ಮುಳ್ಳುಗಿಡದ ಸಸಿ ನೆಡುತ್ತಿದ್ದ. ಸಸಿ ಬೆಳೆಯುವವರೆಗೆ ಇರಲಿ ಎಂದು ಅಡ್ಡಡ್ಡ ತಂತಿಯನ್ನೂ ಬಿಗಿದಿದ್ದ. ಡಾಕ್ಟರು ಈ ಕಡೆ ನಿಂತು ನೋಡುತ್ತಿದ್ದರು.

"ನಾನೇನ್ ಮಾಡ್ದೆ ಅಂತ ಈಕೆ ಹಿಂಗ್ ಮಾಡ್ತಾಳೆ? ಒಂದು ಪ್ರಶ್ನೆ ಕೇಳ್ದೆ ಅಷ್ಟೆ ತಾನೆ?"

"ಆ ಪ್ರಶ್ನೆ ನಿಮ್ಮದಲ್ಲ ಡಾಕ್ಟ್ರೇ, ಆ ಸೈಟಿಂದು. ಅವರಿಗೆ ಅದು ಗೊತ್ತಾಯ್ತು."

ಅವರು ತಂತಿಯನ್ನೊಮ್ಮೆ ಮುಟ್ಟಿ ನೋಡಿ ಒಳಗೆ ಹೋದರು.

ಆಮೇಲಿನ ವಾರಗಳು ಜಕರಾಂಡ ಬಿಡುವ ಕಾಲ. ರಸ್ತೆಯ ಮೇಲೆಲ್ಲ ನೇರಳೆ ಹೂವು ಬಿದ್ದು ಕಾರುಗಳು ಸದ್ದಿಲ್ಲದೆ ಹೋದ ಹಾಗೆ ಅನ್ನಿಸುವ ದಿನಗಳು. ನಾನು ದಿನಾ ಮ್ವಾಲಿಮು ಅವರ ಗೇಟಿನ ಮುಂದೆಯೇ ನಡೆದು ಮಟಾಟು, ಅಂದರೆ ಇಲ್ಲಿನ ಬಾಡಿಗೆ ವ್ಯಾನು, ಹಿಡಿಯುತ್ತಿದ್ದೆ. ಕೆಲವು ಸಲ ಒಳಗೆ ಹೋಗಿ ಮಾತಾಡಿಸಿದೆ. ಚಿತ್ರ ತೋರಿಸಿದರು, ಡಾಕ್ಟರ ಬಗ್ಗೆ ಕೇಳಲಿಲ್ಲ. ಒಮ್ಮೆ ಮಾತ್ರ, ಕುಂಚ ತೊಳೆಯುತ್ತ, "ಚಿಕ್ಕವಳಿದ್ದಾಗ ಅಮ್ಮ ಹೇಳುತ್ತಿದ್ದಳು, ಜರ್ಮನಿಯಲ್ಲಿ ನಮ್ಮ ಬೀದಿಯವರೆಲ್ಲ ಒಳ್ಳೆಯವರೇ ಆಗಿದ್ದರು ಅಂತ. ನನಗೆ ಅದು ಅರ್ಥವಾಗುತ್ತಿರಲಿಲ್ಲ" ಎಂದರು.

ಇತ್ತ ಡಾಕ್ಟರು ಏನು ಮಾಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಒಂದು ಭಾನುವಾರದ ನಡುಹಗಲಿನಲ್ಲಿ. ನಾನು ಬಟ್ಟೆ ಒಣಹಾಕುತ್ತಿದ್ದೆ. ಚಪ್ಪಲಿಯಿಲ್ಲದೆ ಹುಲ್ಲಿನ ಮೇಲೆ ಬಂದರು. ಕೈಯಲ್ಲಿ ಟ್ಯಾಬ್ಲೆಟ್.

"ಇದನ್ನ ಅಳಿಸೋಕಾಗತ್ತಾ ನೋಡಮ್ಮ. ನಿಂಗೆ ಕಂಪ್ಯೂಟರ್ ಗೊತ್ತಲ್ಲ."

ಹಗ್ಗದ ಮೇಲಿನ ಒದ್ದೆ ಸೀರೆಯ ನೆರಳಲ್ಲಿ ನಿಂತು ಓದಿದೆ. ಡಾಕ್ಟರು ಆ ಸೈಟಿನ ಒಂದು ಲೇಖನದ ಕೆಳಗೆ ಉದ್ದನೆಯ ಕಾಮೆಂಟ್ ಬರೆದಿದ್ದರು. ಕಂಡಿ ಮುಚ್ಚಿದ ನೋವಿನಲ್ಲಿ ಬರೆದದ್ದು. ನೀವು ಹೇಳುವುದರಲ್ಲಿ ಬಹಳಷ್ಟು ನಿಜವಿರಬಹುದು, ಆದರೆ ಎಲ್ಲರೂ ಹಾಗಲ್ಲ, ನೈರೋಬಿಯ ಲೊರೆಶೋದಲ್ಲಿ ನನ್ನ ಪಕ್ಕದ ಮನೆಯಲ್ಲಿ ಒಬ್ಬರಿದ್ದಾರೆ ಎಂದು ಶುರು ಮಾಡಿ ಮ್ವಾಲಿಮು ಅವರ ಬಗ್ಗೆ ತಮಗೆ ಗೊತ್ತಿದ್ದ ಒಳ್ಳೆಯದನ್ನೆಲ್ಲ ಬರೆದಿದ್ದರು. ಪಾಠ ಹೇಳಿದ್ದು, ಹೂವಿನ ಚಿತ್ರ, ಒಬ್ಬರೇ ಇರುವುದು. ಕೊನೆಗೆ ತಮ್ಮ ಹೆಂಡತಿ ಹಾಸಿಗೆ ಹಿಡಿದಾಗ ಆಕೆ ಪ್ರತಿ ಮಧ್ಯಾಹ್ನ ಬೇಲಿ ದಾಟಿ ಬಂದು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದುದು, ಏನೋ ಜರ್ಮನ್ ಜೋಗುಳ ಗುನುಗುತ್ತಿದ್ದುದು, ಹೆಂಡತಿಗೆ ಅದರಿಂದ ಮಾತ್ರ ನಿದ್ದೆ ಬರುತ್ತಿದ್ದುದು. ನನಗೂ ಅದುವರೆಗೆ ಗೊತ್ತಿಲ್ಲದ ಸಂಗತಿ.

ಸೈಟಿನವರು ಅದನ್ನು ಕಾಮೆಂಟಾಗಿ ಇರಲು ಬಿಟ್ಟಿರಲಿಲ್ಲ. ಮೇಲೆತ್ತಿ, ಪೂರ್ತಿ ಒಂದು ಲೇಖನ ಮಾಡಿದ್ದರು. ‘ಆಫ್ರಿಕಾದಿಂದ ಒಬ್ಬ ವೈದ್ಯರ ಸಾಕ್ಷ್ಯ’ ಎಂದು ತಲೆಬರಹ. ಡಾಕ್ಟರ ಒಂದೊಂದು ವಾಕ್ಯಕ್ಕೂ ಅವರದೊಂದು ವ್ಯಾಖ್ಯಾನ. ಬೇಲಿಯ ಕಂಡಿ ನುಸುಳುವ ಕಲೆಯಾಯಿತು. ಕನ್ನಡ ಕಲಿತದ್ದು ವೇಷವಾಯಿತು. ಸಾಯುತ್ತಿರುವ ಹೆಂಗಸಿನ ಹಾಸಿಗೆಯವರೆಗೂ ಇವರು ಹೇಗೆ ತಲುಪುತ್ತಾರೆ ನೋಡಿ ಎಂದು ಒಂದು ಪ್ಯಾರಾ. ಕೆಳಗೆ ಓದುಗರ ಮಾತುಗಳು. ಅವನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬ ಮಾತ್ರ ಲೊರೆಶೋದಲ್ಲಿ ಯಾವ ರಸ್ತೆ ಎಂದು ಕೇಳಿದ್ದ.

"ನಾನು ಹಿಂಗ್ ಬರ್ದಿಲ್ಲ" ಎಂದರು ಡಾಕ್ಟರು. "ನನ್ನ ಮಾತು ಇದರಲ್ಲಿದೆ, ಆದ್ರೆ ನಾನು ಹಿಂಗ್ ಬರ್ದಿಲ್ಲ. ಅವಳ ಕಾಲಮ್ಮ. ಅವಳ ಕಾಲಿನ ವಿಷ್ಯ ಬರೆದಿದಾರೆ."

ಅವರ ಹೆಂಡತಿಯ ವಿಷಯ ಮಾತಾಡುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅಳಿಸುವ ಬಟನ್ ಎಲ್ಲೂ ಇರಲಿಲ್ಲ. ಡಾಕ್ಟರ ಹೆಸರಿನಲ್ಲಿ ಸಂಪಾದಕರಿಗೆ ಮೇಲ್ ಹಾಕಿದೆವು. ಆ ಸೈಟು ಯಾವ ಕಂಪನಿಯ ಸರ್ವರಿನಲ್ಲಿದೆ ಎಂದು ಹುಡುಕಿ ಅವರಿಗೂ ದೂರು ಬರೆದೆ. ಕಂಪನಿಯಿಂದ ಉತ್ತರವೇ ಬರಲಿಲ್ಲ. ಸಂಪಾದಕನಿಂದ ಮಾರನೆಯ ದಿನವೇ ಬಂತು. ತುಂಬ ಸಭ್ಯವಾದ ಪತ್ರ. ಪ್ರಕಟವಾದದ್ದನ್ನು ತೆಗೆಯುವ ಪದ್ಧತಿ ತಮ್ಮಲ್ಲಿಲ್ಲ, ಆದರೆ ಡಾಕ್ಟರಂಥ ಸುಸಂಸ್ಕೃತರು ತಮಗೆ ಬೇಕು, ತಿಂಗಳಿಗೊಂದು ಬರೆಯುತ್ತೀರಾ ಎಂದು ಕೇಳಿದ್ದ. ಡಾಕ್ಟರು ಅದನ್ನು ಓದಿ ಟ್ಯಾಬ್ಲೆಟನ್ನು ಕುರ್ಚಿಯ ಮೇಲೆ ಮುಖ ಕೆಳಗಾಗಿ ಇಟ್ಟರು.

"ಅವರಿಗೆ ಹೇಳ್ಬೇಕು ಡಾಕ್ಟ್ರೇ" ಎಂದೆ. "ರಸ್ತೆ ಯಾವುದು ಅಂತ ಕೇಳಿದಾರೆ. ಅವರಿಗೆ ಗೊತ್ತಿರ್ಬೇಕು."

"ನೀನು ಹೇಳ್ತೀಯಾ?"

"ಜೊತೇಲಿ ಬರ್ತೀನಿ. ಹೇಳೋದು ನೀವು."

ಹೋಗಲು ಈಗ ರಸ್ತೆಯೊಂದೇ ದಾರಿ. ಡಾಕ್ಟರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಅಷ್ಟು ವರ್ಷದ ನೆರೆಯವರ ಗೇಟಿನ ಬೆಲ್ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಹುಡುಕಬೇಕಾಯಿತು. ಕಾವಲಿನ ಅಸ್ಕಾರಿ ಗೇಟು ತೆಗೆದು ನಮ್ಮಿಬ್ಬರನ್ನೂ ನೋಡಿ, ಕೇಳಿಕೊಂಡು ಬಂದು ಒಳಗೆ ಬಿಟ್ಟ.

ಮ್ವಾಲಿಮು ಚಿತ್ರ ಬರೆಯುವ ಕೋಣೆಯಲ್ಲಿದ್ದರು. ಉತ್ತರಕ್ಕೆ ದೊಡ್ಡ ಕಿಟಕಿ, ಅದರ ತುಂಬ ಹಾಲಿನಂಥ ಬೆಳಕು. ಡಾಕ್ಟರು ನಿಂತುಕೊಂಡೇ ಹೇಳಿದರು. ಎಲ್ಲ ಹೇಳಿದರು, ಲಿಂಕ್ ಬಂದದ್ದರಿಂದ ಹಿಡಿದು. ಸುತ್ತಿ ಬಳಸಲಿಲ್ಲ. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವುದನ್ನು ಕಲಿತವರಾದ್ದರಿಂದ ಇರಬಹುದು.

"ತೋರಿಸಿ" ಎಂದರು ಮ್ವಾಲಿಮು.

ಹೂವಿನ ಎಸಳು ನೋಡುವ ಭೂತಗನ್ನಡಿ ಹಿಡಿದು ಓದಿದರು. ಬೇಡ ಎಂದರೂ ಕೆಳಗಿನ ಮಾತುಗಳನ್ನೂ ಓದಿದರು. ನಾವು ಕಾದೆವು. ಹೊರಗೆ ಯಾವುದೋ ಹಕ್ಕಿ ಒಂದೇ ಸ್ವರವನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಕೊನೆಗೆ ಭೂತಗನ್ನಡಿ ಇಟ್ಟರು.

"ಆ ಹಾಡು ಅವಳಿಗೂ ನನಗೂ ಸೇರಿದ್ದು. ನೀವು ಬಾಗಿಲ ಹತ್ತಿರ ನಿಂತಿರುತ್ತಿದ್ದಿರಿ ಅಂತ ನನಗೆ ಗೊತ್ತಿತ್ತು, ಏನೂ ಅನ್ನಿಸಿರಲಿಲ್ಲ. ಅದನ್ನು ಇವರಿಗೆ ಕೊಟ್ಟುಬಿಟ್ಟಿರಿ."

"ನಾನು ನಿಮ್ಮ ಪರವಾಗಿ ಬರೆದೆ ಮ್ವಾಲಿಮು."

"ಹೌದು. ನಾನು ಒಳ್ಳೆಯವಳು ಅಂತ ಬರೆದಿದ್ದೀರಿ. ಅದನ್ನು ಇವರ ಹತ್ತಿರ ಹೋಗಿ ಯಾಕೆ ಹೇಳಬೇಕಿತ್ತು? ಇವರು ಯಾರು ಒಪ್ಪೋಕೆ?" ದನಿ ಏರಲಿಲ್ಲ. "ಒಂದು ವರ್ಷ ನಮ್ಮ ಜನರ ಬಗ್ಗೆ ಓದಿದಿರಿ. ನಾನು ಬೇಲಿಯ ಈ ಕಡೆ ಇದ್ದೆ."

ಡಾಕ್ಟರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮ್ವಾಲಿಮು ಸಮಾಧಾನ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ನನಗೆ ಆಯಾಸವಾಗಿದೆ. ನೀವಿನ್ನು ಹೋಗಿ. ಬಂದು ಹೇಳಿದ್ದು ಒಳ್ಳೆಯದಾಯಿತು."

ಮ್ವಾಲಿಮು ಅವರ ಯೆಹೂದಿ ಪ್ರಾರ್ಥನಾ ಮಂದಿರದವರಿಗೆ ಸುದ್ದಿ ಮುಟ್ಟಿತು. ಕೆಲವು ದಿನ ಗೇಟಿನಲ್ಲಿ ಇನ್ನೊಬ್ಬ ಅಸ್ಕಾರಿ ಇದ್ದ. ಯಾರೂ ಬರಲಿಲ್ಲ, ಏನೂ ಆಗಲಿಲ್ಲ. ಆದರೂ ಮ್ವಾಲಿಮು ಬೆಳಗಿನ ವಾಕಿಂಗ್ ನಿಲ್ಲಿಸಿಬಿಟ್ಟರು. ರಸ್ತೆಯಲ್ಲಿ ಅಪರಿಚಿತ ಕಾರು ನಿಧಾನ ಮಾಡಿದರೆ ನಾನೂ ತಿರುಗಿ ನೋಡುತ್ತಿದ್ದೆ.

ಡಾಕ್ಟರು ಓದುವುದನ್ನು ಬಿಟ್ಟರು. ಬಿಟ್ಟದ್ದು ಸುಲಭವಾಗಿರಲಿಲ್ಲ. "ಮಧ್ಯಾಹ್ನ ಕೈಗೆ ಏನು ಕೊಡೋದು ಗೊತ್ತಾಗಲ್ಲಮ್ಮ" ಎಂದು ಒಮ್ಮೆ ಹೇಳಿದರು. "ಎಲ್ಲಾದಕ್ಕೂ ಒಂದು ಉತ್ತರ ಇದೆ ಅನ್ನೋದು ಎಂಥಾ ಹಿತ ಗೊತ್ತಾ? ಈಗ ಮತ್ತೆ ಉತ್ತರ ಇಲ್ಲ." ವಾಟ್ಸಾಪ್ ಗುಂಪಿಗೆ ನಡೆದದ್ದನ್ನೆಲ್ಲ ಉದ್ದಕ್ಕೆ ಬರೆದು ಹಾಕಿದರು. ಒಬ್ಬರು ಕೈಮುಗಿಯುವ ಚಿತ್ರ ಕಳಿಸಿದರು, ಲಿಂಕ್ ಹಾಕಿದ್ದ ಗೆಳೆಯರು ಏನೂ ಹೇಳಲಿಲ್ಲ, ಮಾರನೆಯ ದಿನ ಯಥಾಪ್ರಕಾರ ದೇವರ ಫೋಟೋ ಬಂತು. ಆಮೇಲೆ ಡಾಕ್ಟರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರ್ಖಾನೆ ಕೆಲಸಗಾರರಿಗೆಂದು ನಡೆಯುತ್ತಿದ್ದ ಒಂದು ಸಣ್ಣ ಕ್ಲಿನಿಕ್ಕಿಗೆ ಮಧ್ಯಾಹ್ನಗಳಲ್ಲಿ ಹೋಗತೊಡಗಿದರು. ಸಂಜೆ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ಹೊಗೆ ಕುಡಿದು, ಸುಸ್ತಾಗಿ ಬರುತ್ತಿದ್ದರು. ಆ ಸುಸ್ತು ಅವರಿಗೆ ಬೇಕಿತ್ತೆಂದು ಕಾಣುತ್ತದೆ.

ಆ ಲೇಖನ ಹಾಗೇ ಇತ್ತು. ನಾನು ಆಗಾಗ ಹೋಗಿ ನೋಡುತ್ತಿದ್ದೆ. ಕೆಲವು ವರ್ಷಗಳ ಮೇಲೆ, ನಾನು ಬೆಂಗಳೂರಿಗೆ ವಾಪಸಾದ ನಂತರ, ಆ ಸೈಟೇ ತೆರೆಯಲಿಲ್ಲ. ಯಾರು ಮುಚ್ಚಿಸಿದರೋ ತಿಳಿಯದು. ಡಾಕ್ಟರ ವಾಕ್ಯಗಳು ಮಾತ್ರ ಅಂಥದೇ ಬೇರೆ ಕಡೆಗಳಲ್ಲಿ ನಕಲಾಗಿ, ಡಾಕ್ಟರ ಹೆಸರೂ ಇಲ್ಲದೆ, ಇನ್ನೂ ತಿರುಗುತ್ತಿವೆ.

ಡಾಕ್ಟರ ಹೆಂಡತಿಯ ವರ್ಷಾಬ್ದಿಕಕ್ಕೆ ಮ್ವಾಲಿಮು ಪ್ರತಿವರ್ಷ ಬರುತ್ತಿದ್ದರು. ಆ ಲೇಖನ ಬಂದ ಮೇಲಿನ ಮೊದಲ ಸಲ ಕರೆಯಲು ಡಾಕ್ಟರಿಗೆ ಧೈರ್ಯವಾಗಲಿಲ್ಲ. ನಾನೂ ಕೇಳಲಿಲ್ಲ. ಎಲೆ ಹಾಕುವ ಹೊತ್ತಿಗೆ ಮ್ವಾಲಿಮು ರಸ್ತೆಯ ಕಡೆಯಿಂದ ನಡೆದು ಬಂದರು. ಡಾಕ್ಟರು ಬಾಗಿಲಲ್ಲೇ ನಿಂತುಬಿಟ್ಟರು. ಮ್ವಾಲಿಮು ಅವರಿಗೆ ತಲೆಯಾಡಿಸಿ, ಒಳಗೆ ಹೋಗಿ, ಗೋಡೆಯ ಮೇಲಿನ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತು, ನನ್ನ ಪಕ್ಕ ಬಂದು ಕೂತರು. ಊಟದ ಉದ್ದಕ್ಕೂ ನನ್ನ ಜೊತೆಯೇ ಮಾತಾಡಿದರು. ಪಾಯಸ ಬಡಿಸಲು ಡಾಕ್ಟರು ಬಂದಾಗ ಬಟ್ಟಲು ಮುಂದೆ ಮಾಡಿದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ತೋಟದ ಕಡೆ ನೋಡುತ್ತ, ಡಾಕ್ಟರಿಗೆ ಹೇಳಿದರು:

"ಗುರುವಾರ ನಾನು ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಹನಿ ಹಾಕಿದ ಮೇಲೆ ಕಾರು ಓಡಿಸೋದಕ್ಕೆ ಬಿಡೋದಿಲ್ಲವಂತೆ."

"ನಾನು ಕರ್ಕೊಂಡ್ ಹೋಗ್ತೀನಿ" ಎಂದರು ಡಾಕ್ಟರು ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು.

ಆ ಗುರುವಾರ ನಾನು ರಜೆ ಹಾಕಿ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಬರುವಾಗ ಮ್ವಾಲಿಮು ಕಣ್ಣಿನ ಪಾಪೆ ಅರಳಿ, ಕಪ್ಪು ಕನ್ನಡಕ ಹಾಕಿಕೊಂಡು ಡಾಕ್ಟರ ಪಕ್ಕದಲ್ಲಿ ಕೂತಿದ್ದರು. ವೆಸ್ಟ್‌ಲ್ಯಾಂಡ್ಸಿನ ವೃತ್ತದಲ್ಲಿ ಜಾಮು. ಸಣ್ಣಗೆ ಮಳೆ ಹನಿಯುತ್ತಿತ್ತು, ಅದರ ನಡುವೆಯೇ ಬಿಸಿಲು. ಮಟಾಟುಗಳ ಸಂಗೀತ ಕಿಟಕಿಯ ಗಾಜಿನಾಚೆ ನೀರೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು. ಒಂದು ಮಟಾಟು ಅಡ್ಡ ನುಗ್ಗಿತು, ಡಾಕ್ಟರು ಬ್ರೇಕು ಹಾಕಿದರು.

"ಇನ್ನೂ ಎರಡನೇ ಗೇರಿನಲ್ಲೇ ಇದ್ದೀರಿ" ಎಂದರು ಮ್ವಾಲಿಮು.

"ನಿಮಗೆ ಕಣ್ಣೇ ಕಾಣ್ತಾ ಇಲ್ಲವಲ್ಲ."

"ಕಿವಿ ಕೇಳುತ್ತೆ."

ಡಾಕ್ಟರು ಗೇರು ಬದಲಿಸಿದರು. ಮುಂದಿನ ಕಾರುಗಳು ಒಂದೊಂದಾಗಿ ಸರಿಯತೊಡಗಿದವು, ನಾವೂ ಹೊರಟೆವು.